ತಾಯಿ, ವಿಧವೆ, ಹಳ್ಳಿ ಹುಡುಗಿ: ಕಲಬುರಗಿಯ ಒಂದು ಡ್ರೆಸ್ ಬಾಡಿಗೆ ಅಂಗಡಿಯ ಕಪಾಟು

ಕಲಬುರಗಿಯಲ್ಲಿ ಕಿರುಚಿತ್ರ ತೆಗೆಯುವವರಿಗೆ ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಡ್ರೋನ್ ಸಿಗುತ್ತದೆ, ಎಡಿಟಿಂಗ್ ಬಲ್ಲ ಹುಡುಗರೂ ಸಿಗುತ್ತಾರೆ. ಬಟ್ಟೆಯ ಮಾತು ಬಂದರೆ ಮಾತ್ರ ಎಲ್ಲರೂ ಹೋಗಿ ನಿಲ್ಲುವುದು ಒಂದೇ ಕಡೆ: ಶಾಲೆಯ ಗ್ಯಾದರಿಂಗ್‌ಗೆ, ಜಾತ್ರೆಯ ನಾಟಕಕ್ಕೆ, ಫ್ಯಾನ್ಸಿ ಡ್ರೆಸ್ ಸ್ಪರ್ಧೆಗೆ ಡ್ರೆಸ್ ಬಾಡಿಗೆ ಕೊಡುವ ಅಂಗಡಿ. ಅಂಥ ಒಂದು ಅಂಗಡಿಯ ವಿಮರ್ಶೆ ಇದು. ಹೆಸರು ಹಾಕಿಲ್ಲ. ಬೀದರ, ಯಾದಗಿರಿಯ ಅಂಗಡಿಗಳ ಕಪಾಟು ತೆಗೆದರೂ ಹೆಚ್ಚುಕಡಿಮೆ ಇದೇ ಸರಕು ಕಾಣುತ್ತದೆ, ಆದ್ದರಿಂದ ಒಬ್ಬರ ಹೆಸರು ಹಿಡಿದು ಹೇಳುವುದರಲ್ಲಿ ನ್ಯಾಯವಿಲ್ಲ.

ಮೊದಲು ಒಳ್ಳೆಯದು. ಸರಕು ದಂಡಿಯಾಗಿದೆ. ಬಟ್ಟೆ ಒಗೆದು ಇಸ್ತ್ರಿ ಹಾಕಿಯೇ ಕೊಡುತ್ತಾರೆ. ಅಳತೆ ಹೇಳಿದರೆ ಕುಬಸದ (ರವಿಕೆಯ) ಬದಿಯನ್ನು ಕಚ್ಚಾ ಹೊಲಿಗೆ ಹಾಕಿ ಅಲ್ಲೇ ಬಿಗಿ ಮಾಡಿಕೊಡುವ ದರ್ಜಿಯೊಬ್ಬರು ಕೂತಿರುತ್ತಾರೆ. ಒಡವೆ, ಚೌರಿ, ಕಿರೀಟ, ಕತ್ತಿ ಎಲ್ಲ ಒಂದೇ ಸೂರಿನಡಿ. ನಾಟಕಕ್ಕೋ ರಾಜ್ಯೋತ್ಸವದ ಮೆರವಣಿಗೆಗೋ ಆದರೆ ಕಣ್ಣುಮುಚ್ಚಿ ಹೋಗಬಹುದು.

ಕ್ಯಾಮೆರಾ ಮುಂದೆ ನಿಲ್ಲುವ ಹೆಣ್ಣು ಪಾತ್ರಕ್ಕೆ ಬಟ್ಟೆ ತರಲು ಹೋದವರು ಕಣ್ಣು ತೆರೆದುಕೊಂಡೇ ಹೋಗಬೇಕು. ಕಾರಣ ಕಪಾಟಿಗೆ ಅಂಟಿಸಿದ ಚೀಟಿಗಳಲ್ಲೇ ಇದೆ. ಗಂಡಸರ ಸಾಲಿನಲ್ಲಿ ಬರೆದಿರುವುದು: ಪೊಲೀಸ್, ವಕೀಲ, ರೈತ, ಮಂತ್ರಿ, ಡಾಕ್ಟರ್, ಸ್ವಾಮಿ, ಸಿಪಾಯಿ. ಹೆಂಗಸರ ಸಾಲಿನಲ್ಲಿ: ತಾಯಿ, ಅತ್ತೆ, ವಿಧವೆ, ಹಳ್ಳಿ ಹುಡುಗಿ, ಮಾಡರ್ನ್, ಡ್ಯಾನ್ಸ್. ಗಂಡಸಿನ ಬಟ್ಟೆ ಅವನ ಕೆಲಸ ಹೇಳುತ್ತದೆ. ಹೆಂಗಸಿನ ಬಟ್ಟೆ ಅವಳು ಯಾರಿಗೆ ಏನಾಗಬೇಕು ಎಂಬುದನ್ನೋ, ಅವಳ ನಡತೆ ಹೇಗೆ ಎಂಬುದನ್ನೋ ಹೇಳುತ್ತದೆ. ಸಿನಿಮಾದ ಹೆಣ್ಣು ಪಾತ್ರಗಳ ಬಗ್ಗೆ ಇರುವ ತಕರಾರನ್ನೆಲ್ಲ ಈ ಎರಡು ಸಾಲು ಚೀಟಿಗಳಲ್ಲೇ ಓದಿಕೊಳ್ಳಬಹುದು.

ಇದರಲ್ಲಿ ಅಂಗಡಿಯವರ ತಪ್ಪು ಕಡಿಮೆ. ಅವರ ಸೀಸನ್ ನೋಡಿ: ಆಗಸ್ಟ್ 15, ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17, ನವೆಂಬರ್ 1, ಆಮೇಲೆ ಚಳಿಗಾಲದ ಗ್ಯಾದರಿಂಗ್‌ಗಳು. ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಹೋಗುವ ಸೆಟ್ಟು ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಅಕ್ಕಮಹಾದೇವಿ, ಭಾರತಮಾತೆ. ಉಳಿದ ದಿನ ನಾಟಕದ ಗಿರಾಕಿಗಳು. ನಾಟಕದಲ್ಲಿ ಹಿಂದಿನ ಸಾಲಿನಲ್ಲಿ ಕೂತವನಿಗೂ ಪಾತ್ರ ಬಂದ ಕೂಡಲೇ ಇವಳು ಇಂಥವಳು ಎಂದು ಗೊತ್ತಾಗಬೇಕು, ಹಾಗಾಗಿ ಬಣ್ಣ ಗಾಢ, ಗುರುತು ದೊಡ್ಡದು. ಕ್ಲೋಸಪ್‌ನಲ್ಲಿ ಅದೇ ಗುರುತು ಕೂಗಿದ ಹಾಗೆ ಕಾಣುತ್ತದೆ.

ಆದ್ದರಿಂದ ಕಟ್ಟೆ ಹತ್ತಿದ ಕೂಡಲೇ ಕೇಳಿಬರುವ "ಯಾನ್ ರೋಲ್ ಅದ ರೀ, ತಾಯಿದಾ?" ಎಂಬ ಪ್ರಶ್ನೆಗೆ ಹೌದು ಅನ್ನಬೇಡಿ. ಹೌದು ಅಂದರೆ ಬಿಳಿಗೂದಲ ವಿಗ್ಗು, ತಿಳಿಬಣ್ಣದ ಸೀರೆ, ದೊಡ್ಡ ಕುಂಕುಮ ಮೂರೂ ಒಂದೇ ಚೀಲದಲ್ಲಿ ಬರುತ್ತವೆ. ಮಗಳಿಗೆ 20 ಆದರೆ ತಾಯಿಗೆ 40ರ ಆಸುಪಾಸು ಎಂಬ ಲೆಕ್ಕ ಆ ಚೀಲದಲ್ಲಿಲ್ಲ. ಹೀಗೆ ಕೇಳಿ: "ಕಾಕಾ, ನಲವತ್ತೆರಡು ವಯಸ್ಸಿನ ಹೆಣ್ಮಗಳು. ಶಾಲ್ಯಾಗ ಬಿಸಿಯೂಟದ ಅಡಗಿ ಮಾಡ್ತಾಳ. ಮುಂಜಾನಿ ಒಂಬತ್ತರ ಸೀನ್. ಎರಡು ವರ್ಷ ಒಗದ ಸೀರಿ ಕಂಡಂಗ ಇರಬೇಕು, ಹೊಸಾದು ಬ್ಯಾಡ." ಕೆಲಸ, ವಯಸ್ಸು, ಹೊತ್ತು, ಬಟ್ಟೆ ಎಷ್ಟು ಹಳೆಯದು, ಈ ನಾಲ್ಕು ಹೇಳಿದರೆ ಅದೇ ಅಂಗಡಿಯವರು ಏಣಿ ಹತ್ತಿ ಮೇಲಿನ ಗಂಟು ಇಳಿಸುತ್ತಾರೆ. ಬೇಕಾದ ಸರಕು ಇರುವುದು ಅಲ್ಲೇ.

1985ರಲ್ಲಿ ಅಮೆರಿಕದ ಕಾಮಿಕ್ ಕಲಾವಿದೆ ಆಲಿಸನ್ ಬೆಕ್ಡೆಲ್ ತಮ್ಮ ಚಿತ್ರಪಟ್ಟಿಯಲ್ಲಿ ಸಿನಿಮಾಕ್ಕೆ ಒಂದು ಪರೀಕ್ಷೆ ಇಟ್ಟರು: ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ತಮ್ಮತಮ್ಮಲ್ಲಿ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ಆ ಪರೀಕ್ಷೆ ಕಥೆ ಬರೆಯುವವರಿಗೆ. ಬಟ್ಟೆ ಆರಿಸುವವರಿಗೆ ಒಂದೇ ಪ್ರಶ್ನೆ ಸಾಕು: ಸಂಭಾಷಣೆ ಆಫ್ ಮಾಡಿ ನೋಡಿದರೆ ಇವಳು ಬೆಳಿಗ್ಗೆಯಿಂದ ಏನು ಕೆಲಸ ಮಾಡಿ ಬಂದಿದ್ದಾಳೆ ಎಂದು ತಿಳಿಯುತ್ತದೆಯೇ?

ಇನ್ನು ಒಂದೊಂದೇ ಚೀಟಿ.

'ಹಳ್ಳಿ ಹುಡುಗಿ' ಎಂದರೆ ಇಲ್ಲಿ ಕೊಡುವುದು ಲಂಗ-ದಾವಣಿ, ಎರಡು ಜಡೆ, ಮೊಳ ಮಲ್ಲಿಗೆ. ಇದು ಮೈಸೂರು ಸೀಮೆಯ ಸಿನಿಮಾದಿಂದ ಬಂದ ವೇಷ. ಈ ಭಾಗದ ಹಳೆಯ ಕಾಲದ ಕಥೆಯಾದರೆ ಹುಡುಗಿಗೆ ಪರಕಾರ-ಪೋಲಕಾ (ಉದ್ದ ಲಂಗ, ಅದರ ಮೇಲೊಂದು ರವಿಕೆ) ಬೇಕು. ಕೇಳಿದರೆ ಮಕ್ಕಳ ಅಳತೆಯದು ಸಿಗುತ್ತದೆ, ದೊಡ್ಡ ಅಳತೆಯದನ್ನು ಹೊಲಿಸಬೇಕು. ಇಂದಿನ ಕಥೆಯಾದರೆ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ. ಚೂಡಿದಾರ ಸಾಕು, ಮನೆಯೊಳಗಾದರೆ ನೈಟಿ, ಹೊರಗೆ ಯಾರಾದರೂ ಕರೆದರೆ ಅದರ ಮೇಲೆ ಒಂದು ಓಢಣಿ ಅಥವಾ ಟವೆಲ್. ಶಹಾಬಾದ್ ಕಲ್ಲಿನ ಅಂಗಳಕ್ಕೆ ನೀರು ಚಿಮುಕಿಸುವ ಎಷ್ಟು ಮನೆಗಳಲ್ಲಿ ಈ ದೃಶ್ಯ ದಿನಾ ಕಾಣುವುದಿಲ್ಲ? ಆದರೂ ಪರದೆಯ ಮೇಲೆ ನೈಟಿ ಬರುವುದು ನಗೆಪಾತ್ರಕ್ಕೆ ಮಾತ್ರ.

ಇಳಕಲ್ ಸೀರೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಅಂಗಡಿಯಲ್ಲಿ ನೇತು ಹಾಕಿದ 'ಇಳಕಲ್‌'ಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ನಕಲು. ಗುರುತಿಸುವುದು ಕಷ್ಟವಲ್ಲ. ಅಸಲಿ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಓಡುವ) ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಕುಣಿಕೆಯಿಂದ ಜೋಡಿಸಿರುತ್ತಾರೆ. ಟೋಪ್ ತೆನಿ ಎನ್ನುವುದು ಇದಕ್ಕೇ. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆ ಜೋಡಣೆಯ ಗೆರೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಅಲ್ಲಿಂದಾಚೆ ಹಾಸು, ಹೊಕ್ಕು (ಅಡ್ಡ ಎಳೆ) ಎರಡೂ ಸೆರಗಿನವೇ ಆದ್ದರಿಂದ ಕೆಂಪು ತುಂಬಿ ಬರುತ್ತದೆ. ನಕಲಿಯಲ್ಲಿ ಒಡಲಿನ ಹಾಸೇ ಕೊನೆತನಕ ಓಡುತ್ತದೆ. ಹಸಿರು ಒಡಲಿದ್ದರೆ ಸೆರಗಿನ ಕೆಂಪಿಗೂ ಹಸಿರು ಬೆರೆತು ಮಸುಕಾಗಿ ಕಾಣುತ್ತದೆ. ಪ್ರಿಂಟ್ ಆಗಿದ್ದರೆ ಹಿಂಬದಿ ಮಗುಚಿ ನೋಡಿದರೆ ಸಾಕು.

ನಕಲು ತೊಟ್ಟರೆ ಏನಾಗುತ್ತದೆ? ಎಲ್‌ಇಡಿ ಬೆಳಕಿಗೆ ಪಾಲಿಯೆಸ್ಟರ್ ಮಿಂಚುತ್ತದೆ, ನಿರಿಗೆ ಭಾರವಿಲ್ಲದೆ ಉಬ್ಬುತ್ತದೆ, ತಲೆ ಮೇಲೆ ಹೊದ್ದ ಸೆರಗು ಜಾರುತ್ತಲೇ ಇರುತ್ತದೆ. ಈ ಕೊನೆಯದು ಅಭಿನಯವನ್ನೇ ಕೆಡಿಸುತ್ತದೆ. ಹಿರಿಯರ ಮುಂದೆ ಸೆರಗು ಹೊದ್ದು ನಿಲ್ಲುವ ಸೊಸೆಯ ಒಂದು ಕೈ ಸದಾ ಸೆರಗು ಹಿಡಿಯುವುದರಲ್ಲೇ ಇದ್ದರೆ, ನೋಡುವವರಿಗೆ ಅದು ಅಂಜಿಕೆಯಾಗಿ ಕಾಣುತ್ತದೆ. ಪಾತ್ರ ಬರೆದವರು ಅಂಜುಬುರುಕಿಯನ್ನು ಬರೆದಿರುವುದಿಲ್ಲ, ಬಟ್ಟೆ ಅವಳನ್ನು ಹಾಗೆ ಮಾಡಿಬಿಡುತ್ತದೆ. ಹತ್ತಿ ಒಡಲಿನ ಸೀರೆಯಾದರೆ ತಲೆ ಮೇಲೆ ತಾನೇ ಕೂಡುತ್ತದೆ, ಎರಡೂ ಕೈ ರೊಟ್ಟಿ ಬಡಿಯಲು ಬಿಡುವಾಗುತ್ತವೆ. ಅಸಲಿ ಹತ್ತಿ ಇಳಕಲ್ ಬೇಕಾದರೆ ಅಂಗಡಿಗಿಂತ ಮನೆಯ ಅಜ್ಜಿಯರ ಟ್ರಂಕು ಮೇಲು.

ಅಳತೆಯನ್ನೂ ಕೇಳಿ. ಅಂಗಡಿಯದು 6 ಗಜ. ಬೀದರದ ಗಡಿಭಾಗದಲ್ಲಿ ಕಚ್ಚೆ ಹಾಕಿ ಹೊಲಕ್ಕೆ ಹೋಗುವ ಮುದುಕಿಯ ಪಾತ್ರಕ್ಕೆ 9 ಗಜ ಬೇಕು, 6 ಗಜದಲ್ಲಿ ಕಚ್ಚೆ ಎಳೆದರೆ ಸೆರಗಿಗೆ ಉಳಿಯುವುದಿಲ್ಲ. ಸೆರಗು ಯಾವ ಹೆಗಲ ಮೇಲೆ ಬರಬೇಕು ಎನ್ನುವುದು ಊರು, ಮನೆತನದ ಮೇಲೆ ಬದಲಾಗುತ್ತದೆ. ಉಡಿಸುವವರನ್ನು ಕಥೆ ನಡೆಯುವ ಊರಿನಿಂದಲೇ ಕರೆತನ್ನಿ. ಅಂಗಡಿಯ ಹುಡುಗರು ಎಲ್ಲರಿಗೂ ಒಂದೇ ಬಗೆ ಉಡಿಸಿ ಪಿನ್ನು ಚುಚ್ಚಿ ಕಳಿಸುತ್ತಾರೆ. ಪಿನ್ನು ಚುಚ್ಚಿದ ಸೀರೆಯಲ್ಲಿ ಬಗ್ಗಿ ಕಸ ಹೊಡೆಯಲು ಬರುವುದಿಲ್ಲ.

ಸಣ್ಣ ಚೌಕಳಿಯ, ಸಣ್ಣ ಗೆರೆಯ ಸೀರೆಗಳು ನೋಡಲು ಚೆಂದ, ಕ್ಯಾಮೆರಾಕ್ಕೆ ಆಗಿಬರುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಚುಕ್ಕಿಗಳ ಸಾಲಿಗೂ ಬಟ್ಟೆಯ ಗೆರೆಗೂ ಹೊಂದಿಕೆ ತಪ್ಪಿ ಪರದೆಯ ಮೇಲೆ ನೀರಿನ ಅಲೆಯಂತೆ ಬಣ್ಣ ಓಡಾಡುತ್ತದೆ. ಅಂಗಡಿಯಲ್ಲೇ ಮೊಬೈಲ್ ಹಿಡಿದು 2 ಮೀಟರ್, 4 ಮೀಟರ್ ದೂರದಿಂದ ತಲಾ 10 ಸೆಕೆಂಡ್ ವಿಡಿಯೊ ತೆಗೆದು ನೋಡಿ. ನಡುಗಿದಂತೆ ಕಂಡರೆ ದೊಡ್ಡ ಚೌಕಳಿಯದು ಅಥವಾ ಸಾದಾ ಒಡಲಿನದು ತೆಗೆದುಕೊಳ್ಳಿ. ಶೂಟಿಂಗ್ ದಿನವೇ ಇದು ಗೊತ್ತಾದರೆ ಕ್ಯಾಮೆರಾವನ್ನು ಒಂದು ಹೆಜ್ಜೆ ಹಿಂದೆ ಮುಂದೆ ಮಾಡಿ ನೋಡುವುದು ಒಂದು ದಾರಿ.

ಕುಬಸಗಳ ಬಗ್ಗೆ ಸ್ವಲ್ಪ ಬೇಸರವೇ. ಗುಳೇದಗುಡ್ಡ ಖಣದ್ದು (ರವಿಕೆಗೆಂದೇ ನೇಯ್ದ ಬಟ್ಟೆಯದು) ಎಂದು ಕೊಡುವುದು ಒಂದು ಮಟ್ಟಿಗೆ ಸರಿ ಇರುತ್ತದೆ. ಹೊಲಿಗೆ ಮಾತ್ರ ಈಗಿನದು: ಬೆನ್ನು ಆಳ, ಹಿಂದೆ ಲಾಡಿ ಗೊಂಡೆ, ತೋಳು ಗಿಡ್ಡ. 60 ವರ್ಷದ ಹೆಂಗಸಿಗೆ ಮೊಣಕೈವರೆಗಿನ ತೋಳು ಬೇಕು. ಉದ್ದ ತೋಳನ್ನು ಮಡಚಿ ಟಾಕಿ ಹಾಕಬಹುದು, ಗಿಡ್ಡ ತೋಳನ್ನು ಎಳೆದು ಉದ್ದ ಮಾಡಲಾಗದು. ಹಾಗಾಗಿ ಸೀರೆಗಿಂತ ಮೊದಲು ಕುಬಸ ನೋಡಿ. ಎದೆ, ಸೊಂಟ, ಹೆಗಲು, ತೋಳಿನ ಸುತ್ತಳತೆ, ತೋಳಿನ ಉದ್ದ ಈ 5 ಅಳತೆ ಬರೆದುಕೊಂಡು ಹೋಗಿ. 'ಮೀಡಿಯಂ' ಅಂದರೆ ಅಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಹೊಲದ ಹೆಣ್ಣಾಳಿನ ಪಾತ್ರಕ್ಕೆ ಕೊಡುವ ಸೆಟ್ಟು ಈ ಅಂಗಡಿಯ ಅತಿ ದುರ್ಬಲ ಸರಕು. ಗರಿಗರಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಲೆ ಮೇಲೆ ಬುಟ್ಟಿ. ಹೊಲಕ್ಕೆ ಹೋಗಿ ನೋಡಿದವರಿಗೆ ಗೊತ್ತು: ತೊಗರಿ ಕೊಯ್ಯುವಾಗ, ಹತ್ತಿ ಬಿಡಿಸುವಾಗ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಡುತ್ತಾರೆ. ಒಣ ಗಿಡ ಕೈ ಗೀರುತ್ತದೆ, ಬಿಸಿಲು ಸುಡುತ್ತದೆ. ತಲೆಗೆ ಟವೆಲ್ ಅಥವಾ ಸೆರಗು ಬಿಗಿಯಾಗಿ ಸುತ್ತಿರುತ್ತದೆ, ಹತ್ತಿಯಾದರೆ ಸೊಂಟಕ್ಕೆ ಉಡಿ ಕಟ್ಟಿರುತ್ತದೆ. ಆ ಅಂಗಿ ಮೈಮಾಟವನ್ನು ಮುಚ್ಚುತ್ತದೆ, ಬಹುಶಃ ಅದಕ್ಕೇ ಸಿನಿಮಾದವರಿಗೆ ಅದು ಬೇಡ. ಅಂಗಿಯನ್ನು ಬಾಡಿಗೆಗೆ ತರಬೇಡಿ. ಯಾರದಾದರೂ ಮನೆಯಲ್ಲಿ ಬಳಸಿ ಬಿಟ್ಟದ್ದನ್ನು ಕೇಳಿ ತನ್ನಿ; ಕಾಲರಿನ ಒಳಗೆ ಸವೆದದ್ದು, ಒಂದು ಗುಂಡಿ ಬೇರೆ ಬಣ್ಣದ್ದು ಇದ್ದರೆ ಇನ್ನೂ ಒಳ್ಳೆಯದು.

ಹೊಸ ಬಟ್ಟೆ ಹಳತಾಗಿ ಕಾಣಬೇಕಾದರೆ, ಅದು ನಿಮ್ಮ ಸ್ವಂತದ್ದಾಗಿದ್ದರೆ ಮಾತ್ರ, ಬಿಸಿನೀರಿನಲ್ಲಿ ಸೋಪು ಹಾಕಿ 3-4 ಸಲ ಒಗೆದು ನೆರಳಿಲ್ಲದ ಕಡೆ ಒಣಗಿಸಿ. ಹಸಿ ಇದ್ದಾಗಲೇ ಹಿಂಡಿ ಗಂಟು ಕಟ್ಟಿ ಇಟ್ಟರೆ ಸುಕ್ಕು ಕೂರುತ್ತದೆ. ಮೊಣಕೈ, ಅಂಚು, ಜೇಬಿನ ತುದಿಗೆ 120 ನಂಬರಿನ ಮರಳುಕಾಗದ ಹಗುರವಾಗಿ ಉಜ್ಜಿ. ಬಿಳಿ ಹತ್ತಿ ಬಟ್ಟೆ ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ, ಕ್ಯಾಮೆರಾದಲ್ಲಿ ವಿವರವೆಲ್ಲ ಸುಟ್ಟುಹೋಗುತ್ತದೆ. 2 ಲೀಟರ್ ನೀರಿಗೆ 4 ಚಮಚ ಚಹಾಪುಡಿ ಕುದಿಸಿ ಸೋಸಿ 15 ನಿಮಿಷ ಅದ್ದಿದರೆ ಬಿಳುಪು ಇಳಿಯುತ್ತದೆ. ಪಾಲಿಯೆಸ್ಟರ್‌ಗೆ ಇದು ಹತ್ತುವುದಿಲ್ಲ. ಮಣ್ಣಿನ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ: ಸೀರೆಯ ಅಂಚಿಗೆ ಕೆಮ್ಮಣ್ಣು ಬಳಿಯುವುದು. ಇದು ಎರೆ (ಕಪ್ಪುಮಣ್ಣಿನ) ಸೀಮೆ. ಒಣಗಿದ ಎರೆ ಮಣ್ಣನ್ನು ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ತಟ್ಟಿದರೆ ಸಾಕು. ನೀರು ಬೆರೆಸಬೇಡಿ. ಹಸಿ ಎರೆ ಕಲೆ ಬಿಡುವುದಿಲ್ಲ, ಬಾಡಿಗೆ ಬಟ್ಟೆಯಾಗಿದ್ದರೆ ಡಿಪಾಜಿಟ್ಟೂ ಬಿಡುವುದಿಲ್ಲ.

'ವಿಧವೆ' ಚೀಟಿಯ ಕೆಳಗಿರುವುದು ಬಿಳಿ ಸೀರೆಗಳು. ಹಿಂದಿ ಸಿನಿಮಾ ಕಲಿಸಿದ ಪಾಠ. ನಮ್ಮಲ್ಲಿ ಹಳೆಯ ಕಾಲದ ಮಡಿ ಮನೆಗಳಲ್ಲಿ ತಲೆ ಬೋಳಿಸಿದ ಹೆಂಗಸರು ಉಡುತ್ತಿದ್ದದ್ದು ಕೆಂಪು ಸೀರೆ. ಇವತ್ತು ಈ ಭಾಗದ ಊರುಗಳಲ್ಲಿ ಗಂಡ ತೀರಿದ ಬಹಳಷ್ಟು ಹೆಂಗಸರು ಬಣ್ಣದ ಸೀರೆಯನ್ನೇ ಉಡುತ್ತಾರೆ. ಹಣೆಯಲ್ಲಿ ಕುಂಕುಮ ಇಲ್ಲ, ಕೈಯಲ್ಲಿ ಹಸಿರು ಬಳೆ ಇಲ್ಲ, ಲಿಂಗಾಯತರ ಮನೆಯಾದರೆ ಹಣೆ ಮೇಲೆ ವಿಭೂತಿ ಇರುತ್ತದೆ. ಬಿಳಿ ಸೀರೆ ಉಡಿಸಿದ ಕ್ಷಣಕ್ಕೆ ಆ ಪಾತ್ರಕ್ಕೆ ದುಃಖ ಬಿಟ್ಟರೆ ಬೇರೆ ಕೆಲಸ ಉಳಿಯುವುದಿಲ್ಲ. ಅವಳು ಸಂತೆಯಲ್ಲಿ ತರಕಾರಿ ಮಾರುವವಳು, ಸ್ತ್ರೀಶಕ್ತಿ ಸಂಘದ ಸಾಲ ಕಟ್ಟುವವಳು ಎಂದು ನೀವು ಬರೆದಿದ್ದರೂ ನೋಡುವವನ ಕಣ್ಣಿಗೆ ಬಿಳಿಯೇ ಮುಂದಾಗುತ್ತದೆ. ಬರೀ ಹಣೆ, ಕೈಗೆ ಒಂದೊಂದು ಪ್ಲಾಸ್ಟಿಕ್ ಬಳೆ: ಇಷ್ಟು ಸಾಕು, ಖರ್ಚೂ ಇಲ್ಲ.

ಬಂದೇನವಾಜರ ದರ್ಗಾ ಇರುವ ಊರಿನಲ್ಲಿ ಮುಸ್ಲಿಂ ಹೆಣ್ಣುಮಗಳ ಪಾತ್ರಕ್ಕೆ ಕೇಳಿದರೆ ಮಿಂಚಿನ ಶರಾರಾ ಇಳಿಸುತ್ತಾರೆ, ಕವ್ವಾಲಿ ಕಾರ್ಯಕ್ರಮಕ್ಕೆ ಇಟ್ಟದ್ದು. ಕಾಲೇಜಿಗೆ ಹೋಗುವ, ಟೇಲರಿಂಗ್ ಮಾಡುವ ಪಾತ್ರಕ್ಕೆ ಸಾದಾ ಬುರ್ಖಾ, ಒಳಗೆ ಚೂಡಿದಾರ ಸಾಕು; ಮುಸ್ಲಿಂ ಚೌಕದ ಕಡೆ ಕೊಂಡರೇ ಆಯಿತು. ಕಪ್ಪು ಬಟ್ಟೆ ಒಳಾಂಗಣದಲ್ಲಿ ಹಿನ್ನೆಲೆಗೆ ಕರಗಿ ಹೋಗುತ್ತದೆ, ಹಿಂದಿನಿಂದ ಹೆಗಲ ಮೇಲೆ ಒಂದು ಸಣ್ಣ ಬೆಳಕು ಬೀಳಲೇಬೇಕು.

ಲಂಬಾಣಿ ಸೆಟ್ಟು ಇದೆ, ಅದನ್ನು ಡ್ಯಾನ್ಸ್ ಸಾಲಿನಲ್ಲಿ ಇಟ್ಟಿದ್ದಾರೆ! ಕನ್ನಡಿ ಜಾಗಕ್ಕೆ ಪ್ಲಾಸ್ಟಿಕ್ ಚಮಕಿ, ಇಲಾಸ್ಟಿಕ್ ಹಾಕಿದ ಲಂಗ. ಅಸಲಿ ಫೇಟಿಯಾ (ಲಂಗ), ಕಾಂಚಳಿ (ರವಿಕೆ), ಓಢಣಿ ಕೈಕಸೂತಿಯಿಂದ ಭಾರ. ಆ ಭಾರದಿಂದಲೇ ನಡಿಗೆಗೆ ಒಂದು ತೂಕ ಬರುತ್ತದೆ. ಹಗುರ ನಕಲು ತೊಟ್ಟವಳು ಎಷ್ಟೇ ಮೆಲ್ಲಗೆ ನಡೆದರೂ ಕುಣಿದ ಹಾಗೆ ಕಾಣುತ್ತಾಳೆ. ಕಿವಿಯ ಬದಿಗೆ ಕೂದಲಲ್ಲಿ ತೂಗುವ ಘೂಗರಿ ಮದುವೆಯಾದವರ ಗುರುತು, ಅಂಗಡಿಯವರು ಮದುವೆಯಾಗದ ಹುಡುಗಿಯ ಪಾತ್ರಕ್ಕೂ ಅದನ್ನು ಸಿಕ್ಕಿಸಿಬಿಡುತ್ತಾರೆ. ಜಿಲ್ಲೆಯಲ್ಲಿ ಇಷ್ಟೊಂದು ತಾಂಡಾಗಳಿರುವಾಗ ಅಲ್ಲಿಯವರನ್ನೇ ಕೇಳಿ, ಬಾಡಿಗೆ ಅವರ ಕೈಗೇ ಹೋಗಲಿ. ಅಷ್ಟಕ್ಕೂ ಇವತ್ತಿನ ತಾಂಡಾದ ಹುಡುಗಿಗೆ ಕಾಲೇಜ್ ಯೂನಿಫಾರಂ ಹಾಕಿಸಲು ಏನು ಅಡ್ಡಿ?

ಯೂನಿಫಾರಂ ಅಂದಾಗ ನೆನಪಿಡಬೇಕಾದದ್ದು. 'ಲೇಡಿ ಪೊಲೀಸ್' ಎಂದು ಕೊಡುವುದು ಖಾಕಿ ಸೀರೆ ಅಥವಾ ಮೈಗಂಟಿದ ಶರ್ಟು. ಈಗ ಕರ್ನಾಟಕದ ಮಹಿಳಾ ಪೊಲೀಸರದು ಖಾಕಿ ಪ್ಯಾಂಟು, ಶರ್ಟು; ಗಂಡಸರ ಸಾಲಿನ ಸಣ್ಣ ಅಳತೆಯದನ್ನು ತೆಗೆದುಕೊಂಡು ಸೊಂಟ ಬಿಗಿ ಮಾಡಿಸದೆ ಹಾಗೇ ಹಾಕಿಸಿ. ರಸ್ತೆಯಲ್ಲಿ ಚಿತ್ರೀಕರಿಸುವುದಿದ್ದರೆ ಠಾಣೆಗೆ ಮೊದಲೇ ಬರೆದು ಕೊಡಿ, ವಿರಾಮದಲ್ಲಿ ಆ ಬಟ್ಟೆಯಲ್ಲೇ ಚಹಾ ಅಂಗಡಿಗೆ ಹೋಗಬಾರದು. ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ ಇಲ್ಲಿ ಇಲ್ಲವೇ ಇಲ್ಲ. ಕಂಡಕ್ಟರ್ ಖಾಕಿ ಇದೆ, ಗಂಡಸರ ಅಳತೆಯಲ್ಲಿ. ಕಥೆ ಹಳೆಯದಾದರೆ ಹಿನ್ನೆಲೆಯ ಬಸ್ಸು ನೋಡಿಕೊಳ್ಳಿ, ಈ ಭಾಗದ ಸಾರಿಗೆ ನಿಗಮದ ಹೆಸರು ಈಶಾನ್ಯ ಕರ್ನಾಟಕದಿಂದ ಕಲ್ಯಾಣ ಕರ್ನಾಟಕ ಆದದ್ದು 2021ರಲ್ಲಿ.

ಮೇಕಪ್ಪನ್ನೂ ಸೇರಿಸಿ ಪ್ಯಾಕೇಜ್ ಹೇಳುತ್ತಾರೆ. ಬೇಡ ಅನ್ನಿ. ನಾಟಕದ ಪ್ಯಾನ್‌ಕೇಕ್ (ಮುಖಕ್ಕೆ ಬಳಿಯುವ ದಪ್ಪ ಬಣ್ಣ) ಹೆಣ್ಣುಮಕ್ಕಳಿಗೆ ಎರಡು ಛಾಯೆ ಬಿಳಿಯಾಗಿಯೇ ಹಚ್ಚುವುದು ಇಲ್ಲಿನ ರೂಢಿ. ಮುಖ ಒಂದು ಬಣ್ಣ, ಕೈ ಇನ್ನೊಂದು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಅರ್ಧ ಗಂಟೆಗೆ ಬೆವರಿನ ಗೆರೆ ಮೂಡುತ್ತದೆ. ಹಚ್ಚಲೇಬೇಕಾದರೆ ದವಡೆಯಂಚಿನಲ್ಲಿ ಸ್ವಲ್ಪ ಹಚ್ಚಿ ಹಗಲು ಬೆಳಕಲ್ಲಿ ನೋಡಿ, ಚರ್ಮದಲ್ಲಿ ಕರಗಿ ಕಾಣದಂತಾದರೆ ಅದೇ ಸರಿಯಾದ ಛಾಯೆ. ವಯಸ್ಸು ತೋರಿಸಲು ತಲೆಗೆ ಸುರಿಯುವ ಪೌಡರ್ ಹಿಟ್ಟಿನಂತೆ ಕಾಣುತ್ತದೆ. ಕಿವಿಯ ಮೇಲೆ, ಬೈತಲೆಯ ಎರಡು ಬದಿ ಬಿಳಿ ಬಣ್ಣವನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎಳೆ ಎಳೆಯಾಗಿ ತೀಡಿದರೆ ನಂಬುವಂತಿರುತ್ತದೆ. ಸ್ಪಂಜು, ಲಿಪ್‌ಸ್ಟಿಕ್, ಕಾಡಿಗೆ ಮೂರನ್ನೂ ಸ್ವಂತದ್ದೇ ಒಯ್ಯಿರಿ. ಅಂಗಡಿಯ ಡಬ್ಬಿ ಎಷ್ಟು ಮುಖ ಕಂಡಿದೆಯೋ.

ಒಡವೆ ಚೆನ್ನಾಗಿವೆ. ಬೋರಮಾಳ, ಗುಂಡಿನ ಸರ, ಟಿಕ್ಕಿ, ಕಿವಿಗಿಡುವ ಬುಗುಡಿ ಎಲ್ಲದರ ನಕಲು ಸಿಗುತ್ತದೆ. ಕರಿಮಣಿ ಸರಕ್ಕೆ ಈ ಕಡೆಯ ಎರಡು ಬಟ್ಟಲಿನ ತಾಳಿ ಕೇಳಿ ಪಡೆಯಿರಿ. ತೊಂದರೆ ಬರುವುದು ಧ್ವನಿಯಲ್ಲಿ. ಗಾಜಿನ ಬಳೆ, ಎದೆಗೆ ಸಿಕ್ಕಿಸಿದ ಕಾಲರ್ ಮೈಕು ಎರಡೂ ಸೇರಿದರೆ ಮಾತಿನ ಮೇಲೆ ಕಿಣಿಕಿಣಿ ಬೀಳುತ್ತದೆ. ಮಾತಿರುವ ಶಾಟ್‌ನಲ್ಲಿ ಬಳೆಗಳ ನಡುವೆ ಪಾರದರ್ಶಕ ಟೇಪಿನ ಸಣ್ಣ ಸುರುಳಿ ಅಂಟಿಸಿ, ಬಳೆಯ ಸದ್ದನ್ನು ಆಮೇಲೆ ಬೇರೆಯಾಗಿ 1 ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್ ಮಾಡುವವರಿಗೆ ಒಂದು ಕಿವಿಮಾತು: ಹೆಣ್ಣು ಪಾತ್ರ ಬಾಗಿಲು ದಾಟಿದಾಗಲೆಲ್ಲ ಗೆಜ್ಜೆ ಸದ್ದು ತುಂಬುವ ಚಟ ಬಿಡಿ. ಬರಿಗಾಲಲ್ಲೂ ಹೆಂಗಸರು ನಡೆಯುತ್ತಾರೆ.

ಬಾಡಿಗೆ ದರ ಸೀಸನ್ ಮೇಲೆ ಏರಿಳಿಯುತ್ತದೆ, ಇಲ್ಲಿ ಬರೆದು ಉಪಯೋಗವಿಲ್ಲ. ಲೆಕ್ಕ ಹಿಡಿಯುವ ರೀತಿ ಮಾತ್ರ ಮೊದಲೇ ಕೇಳಿಕೊಳ್ಳಿ: ದಿನ ಎಂದರೆ 24 ಗಂಟೆಯೋ, ಅಂಗಡಿ ಮುಚ್ಚುವವರೆಗೋ? ಸಂಜೆ 7ಕ್ಕೆ ಒಯ್ದರೆ ಆ ಸಂಜೆಯೂ ಒಂದು ದಿನವೇ? ಮಳೆ, ರಕ್ತ, ಬೆವರಿನ ದೃಶ್ಯವಿದ್ದರೆ ಒಂದೇ ಬಗೆಯ 2 ಸೀರೆ ಬೇಕು; ಬಾಡಿಗೆ ಅಂಗಡಿಯಲ್ಲಿ ಜೋಡಿ ಸಿಗುವುದು ಅಪರೂಪ, ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತ ಅಗ್ಗದ್ದು ಎರಡು ಕೊಳ್ಳುವುದೇ ಲಾಭ. ಪ್ರತಿ ದೃಶ್ಯ ಮುಗಿದ ಮೇಲೆ ಪಾತ್ರಧಾರಿಯ ಮುಂದೆ, ಹಿಂದೆ, ಎರಡು ಬದಿ ಫೋಟೊ ತೆಗೆಯಿರಿ. ನಿರಿಗೆ ಎಷ್ಟು, ಬಳೆ ಎಷ್ಟು, ಸೆರಗು ಮೊಣಕಾಲಿನ ಮೇಲೋ ಕೆಳಗೋ ಬರೆದಿಡಿ. ಮೂರು ದಿನ ಬಿಟ್ಟು ಅದೇ ದೃಶ್ಯದ ಉಳಿದರ್ಧ ತೆಗೆಯುವಾಗ ಈ ಫೋಟೊ ಬಿಟ್ಟರೆ ಗತಿಯಿಲ್ಲ.

ಒಯ್ಯುವಾಗಲೂ ಪ್ರತಿ ಬಟ್ಟೆಯನ್ನು ಬಿಚ್ಚಿ, ಮೊದಲೇ ಇದ್ದ ಕಲೆ, ಹರಿದ ಕಡೆ, ಬಿದ್ದ ಹುಕ್ಕು ಎಲ್ಲವನ್ನೂ ಅಂಗಡಿಯವರ ಎದುರೇ ಫೋಟೊ ತೆಗೆದು ಅವರಿಗೂ ಕಳಿಸಿ. ವಾಪಸ್ ಕೊಡುವ ದಿನ ಒಡವೆಯ ಡಬ್ಬಿಯನ್ನು ಕಟ್ಟೆ ಮೇಲೆ ಸುರಿದು ಎಣಿಸುತ್ತಾರೆ. ಬುಗುಡಿಯ ತಿರುಪು ಒಂದು ಕಳೆದಿದ್ದರೂ ಇಡೀ ಜೋಡಿಯ ದುಡ್ಡು ಹಿಡಿಯುತ್ತಾರೆ.